ಹಿತ್ತಲಿನ ಹಕ್ಕಿ ಫೀಡರಿಗೆ ಕರಡಿ ಬರ್ತಿದ್ಯಾ? ಏನ್ ಮಾಡ್ಬೇಕು, ಯಾವ ಕ್ರಮದಲ್ಲಿ ಮಾಡ್ಬೇಕು

ಪ್ರತಿ ವರ್ಷ ಮಾರ್ಚ್ ಕೊನೆ ಬಂತು ಅಂದ್ರೆ ನನಗೆ ಬರೋ ಮೆಸೇಜು ಎಲ್ಲಾ ಒಂದೇ ತರ. ಒಂದು ಫೋಟೋ ಇರತ್ತೆ, ಅದ್ರಲ್ಲಿ ಹುಲ್ಲಿನ ಎಳೆ ತರ ಬಗ್ಗಿರೋ ಕಬ್ಬಿಣದ ಕಂಬ, ಪಕ್ಕದಲ್ಲಿ ಚಪ್ಪಟೆ ಆಗಿರೋ ಫೀಡರು (ಹಕ್ಕಿಗೆ ಕಾಳು ತುಂಬಿ ತೂಗುಹಾಕೋ ಡಬ್ಬ), ಕೆಳಗೆ ಮೂರು ಪ್ರಶ್ನೆ: ಇದು ಕರಡೀನಾ, ಈಗ ಏನ್ ಮಾಡೋದು, ಹಕ್ಕಿಗೆ ಕಾಳು ಹಾಕೋದು ನಿಲ್ಲಿಸ್ಲೇಬೇಕಾ. ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡಿ ಸಾಕಾಯ್ತು, ಅದಕ್ಕೆ ಎಲ್ಲಾನೂ ಒಂದೇ ಕಡೆ ಬರೀತಿದೀನಿ.

ಇದು ಅಮೆರಿಕ, ಕೆನಡಾದಲ್ಲಿ ಕಾಡಿನ ಅಂಚಲ್ಲಿ ಮನೆ ಇರೋರಿಗೆ. ಇಲ್ಲಿ ಫೀಡರಿಗೆ ಬರೋದು ಹೆಚ್ಚುಕಮ್ಮಿ ಯಾವಾಗ್ಲೂ ಬ್ಲ್ಯಾಕ್ ಬೇರ್. ಹೆಸರು ಬ್ಲ್ಯಾಕ್ ಅಂತಿದ್ರೂ ಪಶ್ಚಿಮದ ರಾಜ್ಯಗಳಲ್ಲಿ ಕಂದು ಬಣ್ಣದ್ದು, ದಾಲ್ಚಿನ್ನಿ ಬಣ್ಣದ್ದು ಕೂಡ ಇರತ್ತೆ, ಬಣ್ಣ ನೋಡಿ ಇದು ಬೇರೆ ಜಾತಿ ಅಂದ್ಕೋಬೇಡಿ. ಮೊಂಟಾನಾ, ವಯೋಮಿಂಗ್, ಐಡಾಹೋ ಕಡೆ ಗ್ರಿಜ್ಲಿ (ಇನ್ನೂ ದೊಡ್ಡದಾದ ಬೇರೆ ಜಾತಿ ಕರಡಿ) ಇರೋ ಜಾಗದಲ್ಲಿದ್ರೆ ಮಾತ್ರ ವಿಷಯ ಸ್ವಲ್ಪ ಬೇರೆ, ಅದನ್ನ ಮುಂದೆ ಹೇಳ್ತೀನಿ.

ಚಿಕ್ಕ ಉತ್ತರ ಬೇಕು ಅನ್ನೋರಿಗೆ: ಫೀಡರ್ ಇಳಿಸಿ. ಆದ್ರೆ ಅಷ್ಟಕ್ಕೇ ನಿಲ್ಲಿಸಿದೋರೆಲ್ಲಾ ಒಂದು ವಾರ ಬಿಟ್ಟು ಮತ್ತೆ ಮೆಸೇಜ್ ಹಾಕ್ತಾರೆ, ಫೀಡರ್ ಇಲ್ದಿದ್ರೂ ಕರಡಿ ಬರ್ತಾನೇ ಇದೆ ಅಂತ. ಬಂದೇ ಬರತ್ತೆ. ಕರಡಿ ನೆನಪಿಟ್ಕೊಳ್ಳೋದು ಜಾಗಾನ, ಆ ಜಾಗದಲ್ಲಿ ನೀವು ಫೀಡರ್ ಇಳಿಸಿದ್ರೂ ತಿನ್ನೋದು ಇನ್ನೂ ಬಿದ್ದಿರತ್ತೆ. ಅದಕ್ಕೆ ಈ ಲೇಖನದಲ್ಲಿ ಒಂದೇ ಒಂದು ಹಂತ ಓದೋಕೆ ಟೈಮ್ ಇದ್ರೆ ಮೂರನೇದು ಓದಿ.

ಅದಕ್ಕೆ ಯಾಕೆ ಅಷ್ಟು ಆಸೆ

ಲೆಕ್ಕ ನೋಡಿ ಅರ್ಥ ಆಗತ್ತೆ. ಸಿಪ್ಪೆ ತೆಗೆದ ಸೂರ್ಯಕಾಂತಿ ಬೀಜ 100 ಗ್ರಾಮಿಗೆ ಸುಮಾರು 580 ಕ್ಯಾಲೊರಿ. ಒಂದು ಕಿಲೋ ಹಿಡಿಯೋ ಫೀಡರ್ ಅಂದ್ರೆ ಐದೂವರೆ ಸಾವಿರದ ಮೇಲೆ, ಒಬ್ಬ ಮನುಷ್ಯನಿಗೆ ಎರಡು ಮೂರು ದಿನಕ್ಕೆ ಸಾಕಾಗೋ ಅಷ್ಟು, ಅದನ್ನ ಕರಡಿ ಐದೇ ನಿಮಿಷದಲ್ಲಿ ಮುಗಿಸಿ ಎದ್ದು ಹೋಗತ್ತೆ. ಸೂಯೆಟ್ ಅಂತ ಮಾರ್ತಾರಲ್ಲ, ದನದ ಕೊಬ್ಬು ಗಟ್ಟಿ ಮಾಡಿ ಕಾಳು ಸೇರಿಸಿರೋ ಇಟ್ಟಿಗೆ ತರದ್ದು, ಅದು ಇನ್ನೂ ಜಾಸ್ತಿ, ಬರೀ ಕೊಬ್ಬೇ 100 ಗ್ರಾಮಿಗೆ 850 ದಾಟತ್ತೆ. ಕಾಡಲ್ಲಿ ಇಷ್ಟು ಸಿಗಬೇಕಾದ್ರೆ ಇಡೀ ದಿನ ಹಣ್ಣು, ಇರುವೆ, ಎಳೆ ಸೊಪ್ಪು ಅಂತ ಅಲೀಬೇಕು.

ಎರಡು ಟೈಮಲ್ಲಿ ಕಾಟ ಜಾಸ್ತಿ. ಒಂದು ವಸಂತ ಕಾಲ, ಗುಹೆಯಿಂದ ಹಸಿದು ಎದ್ದು ಬಂದಿರತ್ತೆ, ಕಾಡಲ್ಲಿ ಇನ್ನೂ ಏನೂ ಚಿಗುರಿರಲ್ಲ. ಗಂಡು ಮೊದಲು ಹೊರಗೆ ಬರತ್ತೆ, ಮರಿ ಇರೋ ತಾಯಿ ಕೊನೇಲಿ. ಇನ್ನೊಂದು ಬೇಸಿಗೆ ಕೊನೆಯಿಂದ ಚಳಿ ಶುರು ಆಗೋವರೆಗೆ. ಆಗ ಅದು ಚಳಿಗಾಲದ ನಿದ್ದೆಗೆ ಮುಂಚೆ ಮೈ ತುಂಬಿಸ್ಕೊಳ್ಳೋಕೆ ಹಗಲು ರಾತ್ರಿ ತಿನ್ನತ್ತೆ, ದಿನಕ್ಕೆ 20,000 ಕ್ಯಾಲೊರಿವರೆಗೂ ಹೋಗತ್ತೆ. ಇದಕ್ಕೆ ಹೈಪರ್‌ಫೇಜಿಯಾ ಅಂತಾರೆ, ಸುಮ್ನೆ ಹೇಳ್ಬೇಕಂದ್ರೆ ಅತಿಯಾಗಿ ತಿನ್ನೋ ಕಾಲ.

ಬರ್ಲಿ ಬಿಡಿ, ಎಷ್ಟು ಚೆನ್ನಾಗಿದೆ ನೋಡೋಕೆ ಅನ್ನೋರೂ ಇದಾರೆ. ಅವರಿಗೆ ಒಂದೇ ಮಾತು. ಮನೆ ಹತ್ರ ತಿಂದು ಅಭ್ಯಾಸ ಆದ ಕರಡಿ ಫೀಡರಿಗೆ ನಿಲ್ಲಲ್ಲ, ಆಮೇಲೆ ಕಸದ ಡಬ್ಬ, ಆಮೇಲೆ ಗ್ಯಾರೇಜು, ಆಮೇಲೆ ಅಡಿಗೆಮನೆ ಕಿಟಕಿ. ಆ ಹಂತಕ್ಕೆ ಬಂದ್ಮೇಲೆ ಅದನ್ನ ಹಿಡಿದು ದೂರ ಬಿಟ್ರೂ ಎಷ್ಟೋ ಸಲ ಮೈಲಿಗಟ್ಟಲೆ ನಡ್ಕೊಂಡು ವಾಪಸ್ ಬರತ್ತೆ, ಕೊನೆಗೆ ವನ್ಯಜೀವಿ ಇಲಾಖೆಯವರು ಕೊಲ್ಲೋದು ಬಿಟ್ಟು ಬೇರೆ ದಾರಿ ಇರಲ್ಲ. ತಾಯಿ ಜೊತೆ ಬಂದ ಮರಿಗಳು ಒಂದೂವರೆ ವರ್ಷದ ತನಕ ಅವಳ ಹಿಂದೇನೇ ತಿರುಗಿ ಎಲ್ಲಿ ಏನು ಸಿಗತ್ತೆ ಅಂತ ಕಲಿಯೋದು, ಹಂಗಾಗಿ ನೀವು ಒಂದು ಕರಡಿಗೆ ಹಾಕಿದ್ದು ಅಂದ್ಕೊಂಡಿದ್ದು ಮೂರಕ್ಕೋ ನಾಲ್ಕಕ್ಕೋ ಪಾಠ ಆಗಿರತ್ತೆ.

ಬೇಕಾಗೋ ಸಾಮಾನು

ಹುಲ್ಲು ಬಾಚೋ ರೇಕು, ಗಟ್ಟಿ ಪೊರಕೆ, ಸಲಿಕೆ, ಕೈಗೆ ಗ್ಲೌಸು, ಮೂಗಿಗೆ ಮಾಸ್ಕು, ದಪ್ಪ ಕಸದ ಚೀಲ, ಒಂದು ಬಕೆಟ್ಟು, ಬ್ಲೀಚು. ಒದ್ದೆ ಕಸ ಎಳೆಯೋ ದೊಡ್ಡ ವ್ಯಾಕ್ಯೂಮ್ ಇದ್ರೆ ಅರ್ಧ ಕೆಲಸ ಕಮ್ಮಿ. ಜೊತೆಗೆ ಶಬ್ದ ಮಾಡೋಕೆ ಏನಾದ್ರೂ ಒಂದು, ಏರ್ ಹಾರ್ನ್ ಇಲ್ಲಾಂದ್ರೆ ಎರಡು ಹಳೇ ಪಾತ್ರೆ.

ಹಂತ 1: ಬಂದಿದ್ದು ಕರಡೀನೇನಾ ಅಂತ ಖಾತ್ರಿ ಮಾಡ್ಕೊಳ್ಳಿ

ಅಳಿಲು ಪ್ಲಾಸ್ಟಿಕ್ ಕಡಿಯತ್ತೆ, ರಂಧ್ರ ದೊಡ್ಡದು ಮಾಡತ್ತೆ, ಕಂಬ ಬಗ್ಗಿಸಲ್ಲ. ರಕೂನು ರಾತ್ರಿ ಬಂದು ಕೈಯಲ್ಲಿ ಕೊಕ್ಕೆ ಬಿಚ್ಚಿ ಫೀಡರ್ ಕೆಳಗೆ ಹಾಕತ್ತೆ, ಸೂಯೆಟ್ ಬುಟ್ಟಿನೇ ಎತ್ಕೊಂಡು ಹೋಗೋದೂ ಉಂಟು. ಜಿಂಕೆ ನಾಲಿಗೆ ಹಾಕಿ ಕಾಳು ಮಾತ್ರ ನೆಕ್ಕತ್ತೆ. ಕಂಬ ನೆಲದ ಹತ್ರಾನೇ ಬಗ್ಗಿದೆ, ಫೀಡರು ಹಿಂಡಿದ ತರ ಆಗಿದೆ, ಇಲ್ಲಾ ಐವತ್ತು ಅಡಿ ಆಚೆ ಮರದ ಬುಡದಲ್ಲಿ ಬಿದ್ದಿದೆ ಅಂದ್ರೆ ಅದು ಕರಡಿ. ಹತ್ತಿರದಲ್ಲಿ ಗುಡ್ಡೆ ತರ ಹಿಕ್ಕೆ ಇದ್ದು ಅದ್ರಲ್ಲಿ ಸೂರ್ಯಕಾಂತಿ ಹೊಟ್ಟು ಹಂಗೇ ಕಾಣಿಸ್ತಿದ್ರೆ ಇನ್ನೇನೂ ಅನುಮಾನ ಬೇಡ. ಒದ್ದೆ ಮಣ್ಣಿದ್ರೆ ಹಿಂಗಾಲಿನ ಹೆಜ್ಜೆ ಹುಡುಕಿ, ಬರಿಗಾಲಲ್ಲಿ ನಡೆದ ಮನುಷ್ಯನ ಪಾದದ ತರಾನೇ ಇರತ್ತೆ, ಐದು ಬೆರಳು, ಸ್ವಲ್ಪ ಅಗಲ.

ಹಂತ 2: ಇಳಿಸಿ, ಎಲ್ಲಾನೂ ಇಳಿಸಿ

ಹಗಲಲ್ಲಿ ಮಾಡಿ. ಹೊರಗೆ ಕಾಲಿಡೋಕೆ ಮುಂಚೆ ಕಿಟಕಿಯಿಂದ ಒಂದ್ಸಲ ಪೂರ್ತಿ ನೋಡಿ, ಬಾಗಿಲು ಜೋರಾಗಿ ತೆಗೀರಿ, ಮಾತಾಡ್ತಾ ಹೋಗಿ. ಕರಡಿ ಅಲ್ಲೇ ಇರೋವಾಗ ಫೀಡರ್ ಉಳಿಸೋಕೆ ಅಂತ ಓಡಿ ಹೋಗಬೇಡಿ, ಫೀಡರ್ ಹೋದ್ರೆ ಇನ್ನೊಂದು ತಗೋಬಹುದು.

ಇಲ್ಲಿ ತುಂಬಾ ಜನ ಮಾಡೋ ತಪ್ಪು ಅಂದ್ರೆ ಕಾಳಿನ ಫೀಡರ್ ಮಾತ್ರ ಇಳಿಸ್ತಾರೆ. ಹಮ್ಮಿಂಗ್‌ಬರ್ಡಿಗೆ ಹಾಕೋ ಸಕ್ಕರೆ ನೀರು ಹಂಗೇ ನೇತಾಡ್ತಿರತ್ತೆ, ಅದು ಒಂದು ಲೋಟ ಸಕ್ಕರೆಗೆ ನಾಲ್ಕು ಲೋಟ ನೀರಿನ ಶರಬತ್ತು, ಕರಡಿ ಬಿಡತ್ತಾ? ಓರಿಯೋಲಿಗೆ ಇಟ್ಟ ದ್ರಾಕ್ಷಿ ಜೆಲ್ಲಿ, ಅರ್ಧ ಮಾಡಿಟ್ಟ ಕಿತ್ತಳೆ, ಬ್ಲೂಬರ್ಡಿಗೆ ಇಟ್ಟ ಒಣ ಹುಳ, ಸೂಯೆಟ್ಟು, ಶೇಂಗಾ ಬುಟ್ಟಿ, ಎಲ್ಲಾ ಒಳಗೆ ಬರಬೇಕು. ಕಿಟಕಿ ಗಾಜಿಗೆ ಅಂಟಿಸೋ ಫೀಡರ್ ಅಂತೂ ಮೊದಲು ತೆಗೀರಿ, ಅದು ಕರಡಿಗೆ ನಿಮ್ಮ ಕಿಟಕಿ ತೋರಿಸಿಕೊಟ್ಟ ಹಾಗೆ.

ರಾತ್ರಿ ಒಳಗಿಟ್ಟು ಬೆಳಗ್ಗೆ ಹೊರಗಿಟ್ರೆ ಆಗಲ್ವಾ ಅಂತ ಕೇಳ್ತೀರ. ಆಗಲ್ಲ. ಕರಡಿ ಹಗಲೂ ಓಡಾಡತ್ತೆ, ಅದೂ ಅಲ್ದೆ ಹಕ್ಕಿಗಳು ಇಡೀ ದಿನ ಕೆದಕಿ ಕೆದಕಿ ಬೀಳಿಸಿದ ಕಾಳು ರಾತ್ರಿ ನೆಲದ ಮೇಲೇ ಇರತ್ತಲ್ಲ. ಒಂದೆರಡು ದಿನ ಮರೆತೂ ಹೋಗ್ತೀರ, ಎಲ್ಲರೂ ಮರೀತಾರೆ.

ಕಂಬ ಕೂಡ ಕಿತ್ತಿಡಿ ಅಂತ ನನ್ನ ಸಲಹೆ. ವಾಸನೆ ಹಿಡಿದಿರತ್ತೆ, ಹೋಗೋ ಬರೋ ಕರಡಿ ಅದನ್ನ ಒಂದ್ಸಲ ಅಲ್ಲಾಡಿಸಿ ನೋಡೇ ಹೋಗೋದು.

ಹಂತ 3: ನೆಲ ಕ್ಲೀನ್ ಮಾಡಿ, ಇದೇ ಅಸಲಿ ಕೆಲಸ

ಫೀಡರ್ ಇದ್ದ ಜಾಗಕ್ಕೆ ಹೋಗಿ ಕೂತು ಗ್ಲೌಸ್ ಹಾಕಿರೋ ಕೈಯಲ್ಲಿ ಒಂದು ಹಿಡಿ ಎತ್ತಿ ನೋಡಿ. ಮೇಲೆ ಒಣಗಿದ ಕಪ್ಪು ಹೊಟ್ಟು, ಅದರ ಕೆಳಗೆ ಹೋದ ಚಳಿಗಾಲದ್ದು ಒದ್ದೆಯಾಗಿ ಅಂಟಿಕೊಂಡು ಬೂಸ್ಟು ಬಂದಿರೋ ಪದರ, ಅದರ ಮಧ್ಯೆ ಮಧ್ಯೆ ಒಡೆಯದೇ ಇರೋ ಇಡೀ ಕಾಳು, ಕೆಲವು ಬೆಳ್ಳಗೆ ಮೊಳಕೆ ಒಡೆದಿರತ್ತೆ, ಒಂಥರಾ ಹುಳಿ ಎಣ್ಣೆ ವಾಸನೆ. ನಿಮಗೇ ಆ ವಾಸನೆ ಬರ್ತಿದೆ ಅಂದ್ರೆ ಕರಡಿಗೆ ಎಷ್ಟು ದೂರದಿಂದ ಬರಬಹುದು ಲೆಕ್ಕ ಹಾಕಿ. ಸುತ್ತ ಹುಲ್ಲು ಬೆಳೆದಿರಲ್ಲ, ಸೂರ್ಯಕಾಂತಿ ಹೊಟ್ಟಿಗೆ ಬೇರೆ ಗಿಡ ಏಳೋಕೆ ಬಿಡದ ಗುಣ ಇದೆ, ಹಂಗಾಗಿ ಬೋಳಾಗಿರೋ ವೃತ್ತ ಎಷ್ಟು ಅಗಲ ಇದೆಯೋ ಕಮ್ಮಿ ಅಂದ್ರೂ ಅಷ್ಟು ಕ್ಲೀನ್ ಆಗಬೇಕು ಅಂತ ಅರ್ಥ.

ನಾನು ಮೊದಲನೇ ವರ್ಷ ಇದನ್ನೇ ಬಿಟ್ಟೆ. ಫೀಡರ್ ಒಳಗಿಟ್ಟು ದೊಡ್ಡ ಕೆಲಸ ಮಾಡ್ದೆ ಅಂತ ಮಲಗಿದ್ರೆ ಮೂರನೇ ರಾತ್ರಿ ಬಂದು ಆ ಜಾಗಾನ ನೇಗಿಲು ಹೊಡೆದ ಹಾಗೆ ಮಗುಚಿ ಹಾಕಿತ್ತು.

ಮಾಡೋ ಕ್ರಮ ಹೀಗೆ. ಮೊದಲು ನೀರು ಚಿಮುಕಿಸಿ ತೇವ ಮಾಡಿ, ಒಣ ಹೊಟ್ಟಲ್ಲಿ ಹಕ್ಕಿ ಹಿಕ್ಕೆ, ಬೂಸ್ಟು ಎಲ್ಲಾ ಇರತ್ತೆ, ಧೂಳು ಎದ್ದು ಉಸಿರಿಗೆ ಹೋಗಬಾರದು, ಮಾಸ್ಕು ಅದಕ್ಕೇ. ಆಮೇಲೆ ರೇಕಲ್ಲಿ ಹೊರಗಿಂದ ಒಳಗೆ ಎಳೆದು ಗುಡ್ಡೆ ಮಾಡಿ, ಸಲಿಕೇಲಿ ಎತ್ತಿ ಚೀಲಕ್ಕೆ ಹಾಕಿ. ಕೆಳಗಿನ ಅಂಟು ಪದರಾನ ಮಣ್ಣಿನ ಸಮೇತ ಒಂದು ಇಂಚು ಕೆರೆದು ತೆಗೀರಿ. ಮರದ ಡೆಕ್ ಇದ್ರೆ ಹಲಗೆ ಸಂದಿ ಒಳಗೆ, ಡೆಕ್ ಕೆಳಗೆ ಕೂಡ ನೋಡಿ, ಅಲ್ಲಿ ವರ್ಷಗಟ್ಟಲೆ ಬಿದ್ದಿದ್ದು ಸೇರಿರತ್ತೆ, ವ್ಯಾಕ್ಯೂಮ್ ಬೇಕಾಗೋದು ಅಲ್ಲೇ. ಮೂರು ನಾಲ್ಕು ದಿನ ಬಿಟ್ಟು ಇನ್ನೊಂದ್ಸಲ ಗುಡಿಸಿ, ಒಂದೇ ಸಲಕ್ಕೆ ಹೋಗಲ್ಲ.

ಚೀಲಾನ ಎರಡು ಪದರ ಕಟ್ಟಿ ಗ್ಯಾರೇಜ್ ಒಳಗಿಡಿ, ಕಸದ ಗಾಡಿ ಬರೋ ದಿನ ಬೆಳಗ್ಗೆ ಹೊರಗಿಡಿ. ಎಷ್ಟೋ ಜನ ಇಷ್ಟೆಲ್ಲಾ ಮಾಡಿ ಕೊನೆಗೆ ಆ ಗುಡ್ಡೇನ ತಗೊಂಡು ಹೋಗಿ ಹಿತ್ತಲ ಕೊನೇಲಿ ಕಾಡಿನ ಕಡೆ ಸುರೀತಾರೆ, ಇಲ್ಲಾ ಕಾಂಪೋಸ್ಟಿಗೆ ಹಾಕ್ತಾರೆ. ಊಟ ಒಳಮನೆಯಿಂದ ಪಡಸಾಲೆಗೆ ತಂದ್ರೆ ಏನ್ ಬಂತು?

ಫೀಡರುಗಳನ್ನೂ ಈ ಟೈಮಲ್ಲೇ ತೊಳೆದುಬಿಡಿ. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು, ಹತ್ತು ನಿಮಿಷ ನೆನೆಸಿ, ತೊಳೆದು, ಪೂರ್ತಿ ಒಣಗಿಸಿ. ಇದು ಕರಡಿಗಷ್ಟೇ ಅಲ್ಲ, 2021ರಲ್ಲಿ ಪೈನ್ ಸಿಸ್ಕಿನ್ ಹಕ್ಕಿಗಳಲ್ಲಿ ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ರೋಗ ಹರಡಿ ಫೀಡರ್ ಮುಟ್ಟಿದ ಮನುಷ್ಯರಿಗೂ ಬಂದಿತ್ತು. ಒಂದು ಎಚ್ಚರಿಕೆ: ವಾಸನೆ ಹೋಗ್ಲಿ ಅಂತ ಕೆಲವರು ಅಮೋನಿಯಾ ಬಳಸ್ತಾರೆ, ಅದನ್ನ ಬ್ಲೀಚ್ ಜೊತೆ ಯಾವ ಕಾರಣಕ್ಕೂ ಬೆರೆಸಬೇಡಿ, ಒಂದರ ಮೇಲೆ ಇನ್ನೊಂದು ಸುರಿಯೋದೂ ಬೇಡ, ವಿಷದ ಗಾಳಿ ಬರತ್ತೆ.

ಹಂತ 4: ಉಳಿದ ಕಾಳನ್ನ ಎಲ್ಲಿಡೋದು

ಮನೆ ಒಳಗೆ, ಇಲ್ಲಾ ಬಾಗಿಲು ಹಾಕಿರೋ ಗಟ್ಟಿ ಗ್ಯಾರೇಜಲ್ಲಿ. ಜಾಲರಿ ಹಾಕಿರೋ ಪೋರ್ಚು ಕರಡಿಗೆ ಪೇಪರ್ ಇದ್ದ ಹಾಗೆ. ಮುಚ್ಚಳ ಇರೋ ತಗಡಿನ ಡಬ್ಬ ಇಲಿಗೆ ಸರಿ, ಕರಡಿಗೆ ಏನೂ ಅಲ್ಲ. ತೋಟದ ಶೆಡ್ಡಲ್ಲಿ ಇಡಬೇಡಿ, ಕಾರಲ್ಲಂತೂ ಬೇಡವೇ ಬೇಡ, ಲಾಕ್ ಮಾಡದ ಕಾರಿನ ಬಾಗಿಲು ಹಿಡಿ ಎಳೆದು ತೆಗೆಯೋಕೆ ಕರಡಿಗೆ ಬರತ್ತೆ, ಒಳಗೆ ಹೋದ್ಮೇಲೆ ಬಾಗಿಲು ಮುಚ್ಕೊಂಡ್ರೆ ಹೊರಗೆ ಬರೋಕೆ ಬರಲ್ಲ, ಆಮೇಲೆ ಸೀಟು, ಡ್ಯಾಶ್‌ಬೋರ್ಡು ಏನೂ ಉಳಿಯಲ್ಲ.

ಹಂತ 5: ಫೀಡರ್ ಬಿಟ್ಟು ಬೇರೆ ಏನೇನಿದೆ

ಕಸದ ಡಬ್ಬ ಹಿಂದಿನ ರಾತ್ರಿ ಹೊರಗಿಡಬೇಡಿ, ಗಾಡಿ ಬರೋ ಬೆಳಗ್ಗೆ ಇಡಿ. ಮೀನು, ಮಾಂಸದ ಚೂರು ಆ ದಿನದ ತನಕ ಫ್ರೀಜರಲ್ಲಿ ಇಟ್ರೆ ವಾಸನೆನೇ ಬರಲ್ಲ. ಡಬ್ಬ ಹೊಸದು ತಗೊಳ್ಳೋರು ಕರಡಿ ನಿರೋಧಕ ಅಂತ ಬರೆದಿದ್ದನ್ನ ಕಣ್ಣುಮುಚ್ಚಿ ನಂಬಬೇಡಿ, ಸರ್ಕಾರಿ ಇಲಾಖೆಗಳ ಗ್ರಿಜ್ಲಿ ಕಮಿಟಿಯ (IGBC) ಪರೀಕ್ಷೆ ಪಾಸ್ ಆಗಿದೆಯಾ ಅಂತ ಕೇಳಿ. ಮೊಂಟಾನಾದ ವೆಸ್ಟ್ ಯೆಲ್ಲೋಸ್ಟೋನ್ ಊರಲ್ಲಿ ಸಾಕಿರೋ ಕರಡಿಗಳ ಮುಂದೆ ಡಬ್ಬದೊಳಗೆ ತಿಂಡಿ ಹಾಕಿ ಇಡ್ತಾರೆ, 60 ನಿಮಿಷ ಅವು ಕಡಿದು, ಎಗರಿ, ಉರುಳಿಸಿ ನೋಡಿದ್ರೂ ತೆರೀದಿದ್ರೆ ಪಾಸ್. ನನಗೆ ಪರೀಕ್ಷೆ ಅಂದ್ರೆ ಹಿಂಗಿರಬೇಕು ಅನ್ಸತ್ತೆ.

ಗ್ರಿಲ್ ಕೆಳಗಿನ ಎಣ್ಣೆ ತಟ್ಟೆ, ನಾಯಿ ಬೆಕ್ಕಿನ ಬಟ್ಟಲು, ಬಿದ್ದ ಸೇಬು ಪೇರು, ಕಾಂಪೋಸ್ಟಲ್ಲಿ ಹಾಕಿದ ಹಣ್ಣಿನ ಸಿಪ್ಪೆ, ಇವು ಗೊತ್ತಿರೋವೇ. ಕೋಳಿ ಗೂಡು, ಜೇನುಪೆಟ್ಟಿಗೆ ಇರೋರಿಗೆ ಮಾತ್ರ ವಿದ್ಯುತ್ ಬೇಲಿ ಬೇಕೇ ಬೇಕು. ಬೇಲಿಯಲ್ಲಿ 5,000 ವೋಲ್ಟಿಗಿಂತ ಕಮ್ಮಿ ಇದ್ರೆ ದಪ್ಪ ಕೂದಲಿನ ಮೇಲೆ ಕೆಲಸ ಮಾಡಲ್ಲ, ನೆಲಕ್ಕೆ ಹೊಡೆಯೋ ಅರ್ಥಿಂಗ್ ರಾಡ್ ಸರಿ ಇಲ್ದಿದ್ರೂ ಅಷ್ಟೇ. ಹುಲ್ಲು ಬೆಳೆದು ತಂತಿಗೆ ತಾಗಿ ಕರೆಂಟ್ ಇಳಿದುಹೋಗಿರೋದನ್ನ ಯಾರೂ ನೋಡಲ್ಲ, ಕರಡಿ ನೋಡತ್ತೆ.

ನಡುವೆ ಒಂದು ಮಾತು: ಕೆಲಸಕ್ಕೆ ಬಾರದ ಉಪಾಯಗಳು

ಇದನ್ನ ಕೇಳದೇ ಯಾರೂ ಬಿಡಲ್ಲ, ಅದಕ್ಕೆ ಇಲ್ಲೇ ಮುಗಿಸ್ತೀನಿ.

ಖಾರ ಹಚ್ಚಿದ ಕಾಳು. ಹಕ್ಕಿಗಳಿಗೆ ಮೆಣಸಿನಕಾಯಿ ಖಾರ ಗೊತ್ತಾಗಲ್ಲ, ಪ್ರಾಣಿಗಳಿಗೆ ಗೊತ್ತಾಗತ್ತೆ, ಇದು ನಿಜಾನೇ, ಅಳಿಲಿಗೆ ಅಷ್ಟಿಷ್ಟು ಕೆಲಸಾನೂ ಮಾಡತ್ತೆ. ಆದ್ರೆ ಜೇನುನೊಣ ಮುಖಕ್ಕೆಲ್ಲಾ ಕಚ್ತಿದ್ರೂ ಗೂಡು ಕಿತ್ತು ತಿನ್ನೋ ಪ್ರಾಣಿ ಅದು, ಖಾರಕ್ಕೆ ಹೆದರತ್ತಾ.

ಎತ್ತರಕ್ಕೆ ನೇತು ಹಾಕೋದು. ನೆಲದಿಂದ ಹತ್ತು ಅಡಿ ಮೇಲೆ, ಮರದ ಕಾಂಡದಿಂದ ನಾಲ್ಕು ಅಡಿ ಆಚೆ ಅಂತ ಸಲಹೆ ಓದಿರ್ತೀರ. ಎರಡು ಮರದ ಮಧ್ಯೆ ತಂತಿ ಕಟ್ಟಿ ರಾಟೆಯಿಂದ ಎಳೆಯೋ ತರ ಮಾಡಿದೋರೂ ಇದಾರೆ. ಏನೂ ಇಲ್ದೇ ಇರೋದಕ್ಕಿಂತ ವಾಸಿ, ಆದ್ರೆ ಬ್ಲ್ಯಾಕ್ ಬೇರ್ ಮರ ಹತ್ತೋದ್ರಲ್ಲಿ ನಿಸ್ಸೀಮ, ಹತ್ತಿ ತಂತಿ ಕಡೀತಾವೆ, ಮತ್ತೆ ಕಾಳು ಮೇಲಿಂದ ಬಿದ್ರೂ ನೆಲಕ್ಕೇ ತಾನೇ ಬೀಳೋದು.

ಬೇರ್ ಸ್ಪ್ರೇನ (ಮೆಣಸಿನ ಖಾರದ ಸ್ಪ್ರೇ) ಕಂಬಕ್ಕೆ, ನೆಲಕ್ಕೆ ಹೊಡೆಯೋದು. ದಯವಿಟ್ಟು ಬೇಡ. ಅದು ಎದುರಿಗೆ ಬರ್ತಿರೋ ಕರಡಿ ಮುಖಕ್ಕೆ ಮೋಡದ ತರ ಹೊಡೆಯೋಕೆ ಇರೋದು. ಒಣಗಿದ ಮೇಲೆ ಆ ವಾಸನೆ ಮೂಸೋಕೆ ಅಂತಲೇ ಕರಡಿಗಳು ಹತ್ತಿರ ಬಂದಿರೋದುಂಟು.

ಮನುಷ್ಯರ ಕೂದಲು, ಮೂತ್ರ, ಸೋಪು, ಮಿಣಮಿಣ ದೀಪ, ರೇಡಿಯೋ, ಇವೆಲ್ಲಾ ಎರಡು ದಿನದ ಆಟ.

ಹಂತ 6: ಅಕ್ಕಪಕ್ಕದವರ ಹತ್ರ ಮಾತಾಡಿ

ನಿಮ್ಮ ಹಿತ್ತಲು ಎಷ್ಟೇ ಕ್ಲೀನ್ ಇದ್ರೂ ಪಕ್ಕದ ಮನೇಲಿ ನಾಲ್ಕು ಫೀಡರ್ ತೂಗ್ತಿದ್ರೆ ಕರಡಿ ನಿಮ್ಮ ಹಿತ್ತಲ ಮೇಲೇ ಹಾದು ಹೋಗೋದು. ದೂರೋ ತರ ಹೇಳಬೇಡಿ, ವಯಸ್ಸಾದೋರಿಗೆ ಆ ಹಕ್ಕಿಗಳು ಬೆಳಗಿನ ಕಾಫಿ ಜೊತೆಗಾರರು, ಸಿಟ್ಟು ಬರತ್ತೆ. ಬಗ್ಗಿದ ಕಂಬದ ಫೋಟೋ ತೋರಿಸಿ, ಎರಡು ಮೂರು ವಾರ ಎಲ್ಲರೂ ಒಟ್ಟಿಗೆ ಇಳಿಸೋಣ ಅನ್ನಿ, ಗುಡಿಸೋಕೆ ಕೈ ಜೋಡಿಸಿ.

ಕಾನೂನು ಕೂಡ ಗೊತ್ತಿರಲಿ. ನ್ಯೂಜೆರ್ಸಿಯಲ್ಲಿ ಕರಡಿಗೆ ತಿನ್ನಿಸಿದ್ರೆ 1,000 ಡಾಲರ್‌ವರೆಗೂ ದಂಡ ಇದೆ, ಕನೆಕ್ಟಿಕಟ್‌ನಲ್ಲಿ ಬೇಕಂತಲೇ ತಿನ್ನಿಸೋದನ್ನ 2023ರಲ್ಲಿ ನಿಷೇಧ ಮಾಡಿದ್ರು. ನಾನು ಹಾಕಿದ್ದು ಹಕ್ಕಿಗೆ ಅನ್ನೋ ಮಾತು ಮೊದಲ ಸಲ ನಡೀಬಹುದು, ಕರಡಿ ಬರ್ತಿದೆ ಅಂತ ಗೊತ್ತಾದ್ಮೇಲೂ ಹಾಕ್ತಾ ಇದ್ರೆ ಎಲ್ಲಾ ಕಡೆ ನಡೆಯಲ್ಲ. ನಿಮ್ಮ ರಾಜ್ಯದ ವನ್ಯಜೀವಿ ಇಲಾಖೆ ನಿಯಮ ಒಂದ್ಸಲ ಓದ್ಕೊಳ್ಳಿ.

ಹಂತ 7: ಮತ್ತೆ ಬಂದಾಗ ಏನ್ ಮಾಡೋದು

ಕ್ಲೀನ್ ಮಾಡಿದ್ಮೇಲೂ ಒಂದೆರಡು ವಾರ ಬಂದು ಹುಡುಕತ್ತೆ. ಅದು ಸಹಜ, ಸಿಗದಿದ್ರೆ ಬಿಡತ್ತೆ. ಆದ್ರೆ ಆ ಎರಡು ವಾರದಲ್ಲಿ ಅದಕ್ಕೆ ಈ ಜಾಗದಲ್ಲಿ ಏನೂ ಇಲ್ಲ, ಬರೀ ಗಲಾಟೆ ಅಂತ ಅನ್ನಿಸಬೇಕು.

ನೀವು ಮನೆ ಒಳಗಿದ್ರೆ ಒಳಗೇ ಇರಿ. ಕಿಟಕಿ ಬಡೀರಿ, ಪಾತ್ರೆ ಬಡೀರಿ, ಏರ್ ಹಾರ್ನ್ ಹೊಡೀರಿ, ಜೋರಾಗಿ ಕೂಗಿ. ಮೊಬೈಲ್ ಹಿಡ್ಕೊಂಡು ಸದ್ದಿಲ್ದೆ ವಿಡಿಯೋ ಮಾಡೋದು ಅಂದ್ರೆ ಆರಾಮಾಗಿ ತಿನ್ನಪ್ಪಾ ಅಂದ ಹಾಗೆ. ಶಬ್ದ ಮಾಡೋಕೆ ಮುಂಚೆ ಅದಕ್ಕೆ ಓಡೋ ದಾರಿ ಇದೆಯಾ ನೋಡಿ, ಬೇಲಿ ಮೂಲೇಲಿ ಸಿಕ್ಕಿಹಾಕ್ಕೊಂಡಿದ್ರೆ ಗಾಬರಿ ಆಗತ್ತೆ. ಮರ ಹತ್ತಿ ಕೂತ್ರೆ ಸುತ್ತ ನಿಂತು ನೋಡಬೇಡಿ, ಎಲ್ಲರೂ ನಾಯಿ ಸಮೇತ ಒಳಗೆ ಹೋಗಿ, ಕತ್ತಲಾದ್ಮೇಲೆ ತಾನೇ ಇಳಿದು ಹೋಗತ್ತೆ.

ಹೊರಗೆ ಎದುರಾದ್ರೆ ನಿಂತುಬಿಡಿ. ಓಡಬೇಡಿ, ಗಂಟೆಗೆ 30 ಮೈಲಿ ಓಡೋ ಪ್ರಾಣಿ ಅದು, ನಿಮ್ಮ ಕೈಲಾಗಲ್ಲ. ಮರ ಹತ್ತೋ ಯೋಚನೆ ಬೇಡ. ಸಮಾಧಾನದ ದನಿಯಲ್ಲಿ ಮಾತಾಡ್ತಾ, ಕೈ ಮೇಲೆತ್ತಿ ದೊಡ್ಡದಾಗಿ ಕಾಣಿಸ್ಕೊಂಡು, ಬೆನ್ನು ತೋರಿಸದೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟು ಬಾಗಿಲ ಕಡೆ ಹೋಗಿ. ಬುಸ್ ಅನ್ನತ್ತೆ, ಹಲ್ಲು ಕಟಕಟ ಅನ್ನಿಸತ್ತೆ, ನೆಲಕ್ಕೆ ಕೈ ಅಪ್ಪಳಿಸತ್ತೆ, ಕೆಲವು ಸಲ ನಾಲ್ಕು ಹೆಜ್ಜೆ ನುಗ್ಗಿ ಬಂದು ಗಕ್ಕಂತ ನಿಲ್ಲತ್ತೆ. ಇದಕ್ಕೆ ಬ್ಲಫ್ ಚಾರ್ಜ್ ಅಂತಾರೆ, ಹೆದರಿಸೋ ನಾಟಕ, ನಿಮಗಿಂತ ಅದಕ್ಕೇ ಭಯ ಜಾಸ್ತಿ ಆಗಿರತ್ತೆ. ಮರಿ ಕಾಣಿಸಿದ್ರೆ ತಾಯಿ ಎಲ್ಲಿದ್ರೂ ಹತ್ತಿರದಲ್ಲೇ ಇದೆ ಅಂತ ತಿಳ್ಕೊಂಡು ಬಂದ ದಾರೀಲೇ ಹಿಂದಕ್ಕೆ ಹೋಗಿ.

ತೀರಾ ಅಪರೂಪಕ್ಕೆ ನಿಜವಾಗಿ ಮೈಮೇಲೆ ಬಂದ್ರೆ, ಬ್ಲ್ಯಾಕ್ ಬೇರ್ ಆದ್ರೆ ಸತ್ತ ಹಾಗೆ ಮಲಗಬೇಡಿ, ಕೈಗೆ ಸಿಕ್ಕಿದ್ದರಲ್ಲಿ ಮೂತಿಗೆ, ಮುಖಕ್ಕೆ ಹೊಡೀರಿ. ಗ್ರಿಜ್ಲಿ ತನ್ನ ಮರಿ ಕಾಯೋಕೆ ಎರಗಿದಾಗ ಮಾತ್ರ ಬೋರಲು ಮಲಗಿ ಕುತ್ತಿಗೆ ಹಿಂದೆ ಕೈ ಕಟ್ಕೊಳ್ಳೋದು. ಇವೆರಡನ್ನ ಅದಲು ಬದಲು ಮಾಡ್ಕೋಬೇಡಿ. ಹಾಗೇನೇ ಊರ ಕಡೆ ಕೇಳಿ ಬೆಳೆದ ಕರಡಿ ಕತೆಗಳನ್ನೂ ಇಲ್ಲಿಗೆ ತರಬೇಡಿ, ಅದು ಬೇರೆ ಜಾತಿ, ಅದರ ಸಿಟ್ಟೇ ಬೇರೆ.

ನಾಯಿ ವಿಷಯ ಹೇಳ್ಲೇಬೇಕು, ಹಿತ್ತಲಲ್ಲಿ ಜನಕ್ಕೆ ಗಾಯ ಆಗೋ ಪ್ರಸಂಗಗಳಲ್ಲಿ ಎಷ್ಟೋ ಸಲ ಮಧ್ಯೆ ಒಂದು ನಾಯಿ ಇರತ್ತೆ. ರಾತ್ರಿ ಬಾಗಿಲು ತೆಗೆದು ನಾಯೀನ ಸುಮ್ನೆ ಬಿಟ್ಟುಬಿಡ್ತೀರ, ಅದು ಬೊಗಳ್ತಾ ಹೋಗಿ ಕರಡೀನ ಕೆಣಕತ್ತೆ, ಅದು ಅಟ್ಟಿಸ್ಕೊಂಡು ಬಂದಾಗ ನಾಯಿ ಓಡಿ ಬರೋದು ಎಲ್ಲಿಗೆ? ನಿಮ್ಮ ಕಾಲ ಹತ್ರಕ್ಕೇ. ಕರಡಿ ಕಾಲದಲ್ಲಿ ಹೊರಗಿನ ದೀಪ ಹಾಕಿ, ಒಂದೆರಡು ನಿಮಿಷ ಸದ್ದು ಮಾಡಿ, ಹಗ್ಗ ಹಾಕ್ಕೊಂಡೇ ಕರ್ಕೊಂಡು ಹೋಗಿ.

ಮನೆ ಒಳಗೆ ನುಗ್ಗೋಕೆ ನೋಡಿದ್ರೆ, ಎಷ್ಟು ಗಲಾಟೆ ಮಾಡಿದ್ರೂ ಕದಲದೇ ಇದ್ರೆ, ತಡ ಮಾಡದೆ ರಾಜ್ಯದ ವನ್ಯಜೀವಿ ಇಲಾಖೆಗೆ ಫೋನ್ ಮಾಡಿ, ಜೀವಕ್ಕೆ ಅಪಾಯ ಅನ್ಸಿದ್ರೆ 911.

ಹಂತ 8: ಹಕ್ಕಿಗಳ ಗತಿ?

ನನ್ನ ಹಕ್ಕಿಗಳು ಹಸಿವಲ್ಲಿ ಸಾಯಲ್ವಾ ಅನ್ನೋ ಸಂಕಟ ನಿಜವಾದ್ದು. ವಿಸ್ಕಾನ್ಸಿನ್‌ನಲ್ಲಿ ಚಿಕಡೀ ಹಕ್ಕಿಗಳ ಮೇಲೆ ಇದನ್ನೇ ಪರೀಕ್ಷೆ ಮಾಡಿದ್ರು, 1992ರಲ್ಲಿ ಪ್ರಕಟ ಆಯ್ತು. ವರ್ಷಾನುಗಟ್ಟಲೆ ಫೀಡರ್ ಇದ್ದ ಜಾಗದಲ್ಲಿ ಅದನ್ನ ತೆಗೆದು, ಫೀಡರ್ ಮುಖಾನೇ ನೋಡದ ಹಕ್ಕಿಗಳ ಜೊತೆ ಹೋಲಿಸಿದ್ರೆ ಚಳಿಗಾಲ ದಾಟಿ ಬದುಕಿದ ಪ್ರಮಾಣದಲ್ಲಿ ವ್ಯತ್ಯಾಸ ಇರಲಿಲ್ಲ. ಅದೂ ಚಳಿಗಾಲದಲ್ಲಿ. ನೀವು ಇಳಿಸೋದು ವಸಂತದಲ್ಲಿ, ಆಗ ಹುಳ ಹುಪ್ಪಟೆ ಬೇಕಾದಷ್ಟು ಇರತ್ತೆ, ಚಿಕಡೀ ತನ್ನ ಮರಿಗಳಿಗೆ ತಿನ್ನಿಸೋದೂ ಸಾವಿರಾರು ಕಂಬಳಿಹುಳಾನೇ, ನಿಮ್ಮ ಸೂರ್ಯಕಾಂತಿ ಬೀಜ ಅಲ್ಲ.

ನೋಡೋ ಖುಷಿ ಬೇಕು ಅಂದ್ರೆ ನೀರಿಡಿ. ಅಗಲವಾದ, ಆಳ ಇಲ್ಲದ ತಟ್ಟೆ, ಎರಡು ದಿನಕ್ಕೊಮ್ಮೆ ನೀರು ಬದಲಾಯಿಸಿ, ಇಲ್ದಿದ್ರೆ ಸೊಳ್ಳೆ. ಕಾಳಿಗೆ ಬರದೇ ಇರೋ ಹಕ್ಕಿಗಳೂ ನೀರಿಗೆ ಬರ್ತಾವೆ. ಹಮ್ಮಿಂಗ್‌ಬರ್ಡಿಗೆ ಬೀ ಬಾಮ್, ಕಾರ್ಡಿನಲ್ ಫ್ಲವರ್, ಕೆಂಪು ಟ್ರಂಪೆಟ್ ಹನಿಸಕಲ್ ತರದ ಹೂವಿನ ಗಿಡ ಹಾಕಿ. ಗೂಡಿನ ಪೆಟ್ಟಿಗೆ ಇಡಿ. ಹಣ್ಣು ಬಿಡೋ ಪೊದೆಗಳನ್ನ ಮಾತ್ರ ಮನೆ ಗೋಡೆಗೆ ಅಂಟ್ಕೊಂಡು ನೆಡಬೇಡಿ, ಹಕ್ಕಿಗೆ ಇಷ್ಟ ಆದ ಹಣ್ಣು ಕರಡಿಗೂ ಇಷ್ಟ.

ಹಂತ 9: ಮತ್ತೆ ಯಾವಾಗ ತೂಗು ಹಾಕೋದು

ಇದು ನೀವಿರೋ ಜಾಗದ ಮೇಲೆ ಹೋಗತ್ತೆ. ವರ್ಮಾಂಟಲ್ಲಿ ಡಿಸೆಂಬರ್ 1ರಿಂದ ಮಾರ್ಚ್ ಮಧ್ಯದವರೆಗೆ ಮಾತ್ರ ಹಾಕಿ ಅಂತಾರೆ, ಮೇನ್ ರಾಜ್ಯದಲ್ಲಿ ಏಪ್ರಿಲ್ 1ರಿಂದ ನವೆಂಬರ್ 1ರವರೆಗೆ ಬೇಡ ಅಂತಾರೆ. ದಕ್ಷಿಣಕ್ಕೆ ಹೋದಷ್ಟೂ ಈ ಲೆಕ್ಕ ಕೈಕೊಡತ್ತೆ. ಫ್ಲಾರಿಡಾ, ಕೆರೊಲಿನಾ ಕಡೆ ಎಷ್ಟೋ ಕರಡಿಗಳು ಚಳಿಗಾಲ ಪೂರ್ತಿ ಮಲಗಲ್ಲ. ಉತ್ತರದಲ್ಲೂ ಅಷ್ಟೇ, ಕರಡಿ ಮಲಗೋಕೆ ಚಳಿಯಷ್ಟೇ ಕಾರಣ ಅಲ್ಲ, ತಿನ್ನೋಕೆ ಸಿಗಲ್ಲ ಅನ್ನೋದೂ ಕಾರಣ, ಸಿಗ್ತಾ ಇದ್ರೆ ಅದು ತಡವಾಗಿ ಹೋಗತ್ತೆ, ಕೆಲವು ಹೋಗೋದೇ ಇಲ್ಲ. ಹಂಗಾಗಿ ಕ್ಯಾಲೆಂಡರ್ ಒಂದನ್ನೇ ನೋಡಿ ಹಾಕಬೇಡಿ, ನಿಮ್ಮ ಏರಿಯಾದಲ್ಲಿ ಕೊನೇ ಸಲ ಯಾವಾಗ ಕಾಣಿಸ್ತು ಅಂತ ಕೇಳಿ, ಅಲ್ಲಿಂದ ಮೂರು ನಾಲ್ಕು ವಾರ ಬಿಡಿ.

ಹಾಕೋವಾಗ ಹಕ್ಕಿಗಳು ಒಂದು ದಿನಕ್ಕೆ ಮುಗಿಸೋ ಅಷ್ಟೇ ತುಂಬಿಸಿ, ಕೆಳಗೆ ಬೀಳೋದನ್ನ ಹಿಡಿಯೋ ತಟ್ಟೆ ಕಟ್ಟಿ, ಸಿಪ್ಪೆ ತೆಗೆದ ಕಾಳು ಹಾಕಿದ್ರೆ ನೆಲದಲ್ಲಿ ಹೊಟ್ಟು ಸೇರಲ್ಲ, ದುಡ್ಡು ಜಾಸ್ತಿ ಆದ್ರೂ ಮಾರ್ಚಲ್ಲಿ ಬೆನ್ನು ಉಳಿಯತ್ತೆ. ಜನವರಿ ಫೆಬ್ರವರಿಯಲ್ಲಿ ನಾಲ್ಕು ದಿನ ಒಟ್ಟಿಗೆ ಬಿಸಿಲು ಬಂದು ಹಿಮ ಕರಗಿದ್ರೆ ಬೆಳಗ್ಗೆ ಎದ್ದು ಒಂದ್ಸಲ ಹಿತ್ತಲು ನೋಡಿ. ಹಿಮದ ಮೇಲೆ ಆ ಬರಿಗಾಲಿನ ಪಾದದ ತರದ ಹೆಜ್ಜೆ ಕಾಣಿಸ್ತಾ, ಅವತ್ತೇ ಫೀಡರ್ ಒಳಗೆ, ರೇಕ್ ಹೊರಗೆ, ಮತ್ತೆ ಮೂರನೇ ಹಂತದಿಂದ.